ನಾಟಕದ ಊರು, ನಮ್ಮ ಮನೆಯ ಮಕ್ಕಳು

ನವೆಂಬರ್ ತಿಂಗಳ ಮೊದಲ ವಾರದಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೊಲಗಳಲ್ಲಿ ರಾಗಿ ತೆನೆಗಟ್ಟಿ ನಿಂತಿರುತ್ತದೆ. ರೈತನಿಗೆ ಅದು ಪೂರ್ತಿ ಬಿಡುವಿನ ಕಾಲವೂ ಅಲ್ಲ, ಮೈಮುರಿಯುವ ದುಡಿಮೆಯ ಕಾಲವೂ ಅಲ್ಲ. ಕೊಯ್ಲಿಗೆ ಮುಂಚಿನ ಕಾಯುವಿಕೆಯ ಕಾಲ. ಅಂಥ ದಿನಗಳಲ್ಲಿ, ಹೊತ್ತು ಇಳಿಯುತ್ತಿದ್ದಂತೆ, ಸುತ್ತಲಿನ ಹಳ್ಳಿಗಳ ಜನ ಸಾಣೇಹಳ್ಳಿಯ ಕಡೆಗೆ ಮುಖ ಮಾಡುತ್ತಾರೆ. ಟ್ರ್ಯಾಕ್ಟರಿನಲ್ಲಿ ಬರುವವರು ಕೆಲವರು, ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವರು ಕೆಲವರು, ಹೆಗಲಿಗೆ ಕಂಬಳಿ ಹಾಕಿಕೊಂಡು ನಡೆದೇ ಬರುವ ಹಿರಿಯರು ಕೆಲವರು. ಎಲ್ಲರೂ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ತಮ್ಮ ತಮ್ಮ ಜಾಗ ಹಿಡಿದು ಕುಳಿತುಕೊಳ್ಳುತ್ತಾರೆ. ಅಂದು ಯಾವ ದೇವರ ತೇರೂ ಇಲ್ಲ, ಪಲ್ಲಕ್ಕಿಯೂ ಇಲ್ಲ. ಅವರು ಬಂದಿರುವುದು ನಾಟಕ ನೋಡಲು.

ಒಂದು ವರ್ಷದ ಉತ್ಸವದಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಸೆರಗಿನ ಗಂಟು ಬಿಚ್ಚಿ ನಮ್ಮ ಕೈಗೂ ಒಂದು ಹಿಡಿ ಮಂಡಕ್ಕಿ ಹಾಕಿದರು. ಅಂದಿನ ನಾಟಕ ಹೊರರಾಜ್ಯದ ತಂಡದ್ದು, ಮಾತುಗಳು ಕನ್ನಡವಲ್ಲ. ಅರ್ಧ ಗಂಟೆ ಕಳೆದ ಮೇಲೆ ನಾವು ಮೆಲ್ಲಗೆ, “ಅರ್ಥವಾಗುತ್ತಿದೆಯೇ ತಾಯಿ?” ಎಂದು ಕೇಳಿದೆವು. ಅವರು ರಂಗದಿಂದ ದೃಷ್ಟಿ ಕೀಳದೆಯೇ, “ಅರ್ಥ ಆಗ್ಲಿಲ್ಲ ಅಂತ ಎದ್ದು ಹೋಗಾಕಾಯ್ತದಾ ಸ್ವಾಮಿ? ಮನಿಗೆ ಬಂದ ನೆಂಟರ ಮಾತೆಲ್ಲ ಅರ್ಥ ಆಯ್ತದಾ?” ಎಂದರು. ನಾಟಕ ಮುಗಿಯುವವರೆಗೂ ಅವರು ಕುಳಿತಲ್ಲಿಂದ ಕದಲಲಿಲ್ಲ. ಪಟ್ಟಣದ ಸಭಾಂಗಣಗಳಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕುಳಿತು ಗಡಿಯಾರ ನೋಡಿಕೊಳ್ಳುವ ಪ್ರೇಕ್ಷಕರನ್ನು ಕಂಡ ನಮಗೆ, ಈ ತಾಯಿಯ ಮುಂದೆ ಯಾವ ರಂಗವಿಮರ್ಶಕನೂ ಸಣ್ಣವನೆಂದು ತೋರಿತು.

ಇಂಥ ಪ್ರೇಕ್ಷಕರು ಒಂದೇ ದಿನದಲ್ಲಿ ಹುಟ್ಟಿಕೊಂಡವರಲ್ಲ. ಸಾಣೇಹಳ್ಳಿಯಲ್ಲಿರುವುದು ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ಬೃಹನ್ಮಠದ ಶಾಖಾಮಠ. ಅದರ ಪಟ್ಟಾಧ್ಯಕ್ಷರಾದ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ತಮ್ಮ ಗುರುಗಳ ಹೆಸರಿನಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು. ಹತ್ತು ವರ್ಷಗಳ ತರುವಾಯ, 1997ರಲ್ಲಿ, ಊರೂರಿಗೆ ನಾಟಕವನ್ನು ಕೊಂಡೊಯ್ಯುವ ‘ಶಿವಸಂಚಾರ’ ಎಂಬ ತಿರುಗಾಟದ ತಂಡ ಹುಟ್ಟಿತು. 2008ರಲ್ಲಿ ರಂಗಪ್ರಯೋಗ ಶಾಲೆ ಆರಂಭವಾಯಿತು. ಈ ಹಾದಿಯಲ್ಲಿ ಜೊತೆಗೆ ನಡೆದವರಲ್ಲಿ ನಾಡಿನ ಹೆಸರಾಂತ ರಂಗಕರ್ಮಿ ದಿವಂಗತ ಸಿ. ಜಿ. ಕೃಷ್ಣಸ್ವಾಮಿಯವರನ್ನು, ಎಲ್ಲರ ಬಾಯಲ್ಲಿ ‘ಸಿಜಿಕೆ’ ಆಗಿದ್ದವರನ್ನು, ನೆನೆಯದಿರಲಾಗದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಗ್ರೀಕರ ಹಳೆಯ ರಂಗಮಂದಿರಗಳನ್ನು ನೆನಪಿಸುವ ಬಯಲು ರಂಗಮಂದಿರವೊಂದು ಬೆಂಗಳೂರಿನಲ್ಲಲ್ಲದೆ ಬಯಲುಸೀಮೆಯ ಒಂದು ಚಿಕ್ಕ ಹಳ್ಳಿಯಲ್ಲಿ ಎದ್ದು ನಿಂತಿತು. ಅಲ್ಲಿ ವರ್ಷವರ್ಷವೂ ನಾಟಕೋತ್ಸವ. ಬೆಳಿಗ್ಗೆ ಚಿಂತನ, ಹಗಲಿನಲ್ಲಿ ವಿಚಾರಗೋಷ್ಠಿ, ಸಂಜೆ ವಚನಗಾಯನ, ಉಪನ್ಯಾಸ, ಅನಂತರ ನಾಟಕ. ಬಂದವರಿಗೆಲ್ಲ ದಾಸೋಹ.

ಮಠದಲ್ಲಿ ನಾಟಕವೇ ಎಂದು ಹುಬ್ಬೇರಿಸಿದವರು ಆರಂಭದಲ್ಲಿ ಇರಲಿಲ್ಲವೆಂದಲ್ಲ. ಇಂದೂ ಇದ್ದಾರೆ. ಪೂಜೆ ಪ್ರವಚನಗಳನ್ನು ಬಿಟ್ಟು ಬಣ್ಣ ಹಚ್ಚುವ ಗೊಡವೆ ಮಠಗಳಿಗೇಕೆ ಎಂಬ ಮಾತನ್ನು ನಾವು ಮದುವೆಯ ಪಂಕ್ತಿಗಳಲ್ಲಿ ಕಿವಿಯಾರೆ ಕೇಳಿದ್ದೇವೆ. ಹೀಗೆನ್ನುವ ಹಿರಿಯರಿಗೆ ನಾವು ಒಂದೇ ಮಾತನ್ನು ವಿನಯದಿಂದ ನೆನಪಿಸಬಯಸುತ್ತೇವೆ. ನಾವು ನಿತ್ಯ ಸ್ಮರಿಸುವ ಶರಣರ ಸಾಲಿನಲ್ಲಿ ಬಹುರೂಪಿ ಚೌಡಯ್ಯನವರಿದ್ದಾರೆ. ವೇಷ ಕಟ್ಟಿ ಜನರೆದುರು ಆಡುವುದೇ ಅವರ ಕಾಯಕವಾಗಿತ್ತು. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯವರಿದ್ದಾರೆ. ಡಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣನವರಿದ್ದಾರೆ. ಅನುಭವಮಂಟಪದಲ್ಲಿ ಇವರೆಲ್ಲರಿಗೂ ಸಮನಾದ ಪೀಠವಿತ್ತೆಂದು ನಾವು ವೇದಿಕೆಯ ಮೇಲೆ ನಿಂತು ಹೆಮ್ಮೆಯಿಂದ ಹೇಳುತ್ತೇವೆ. ಹಾಗಿರುವಾಗ ಅದೇ ಕಾಯಕವನ್ನು ಇಂದು ಮಾಡುವವನು ಮಠದ ಅಂಗಳದಲ್ಲಿ ಕಂಡರೆ ನಮಗೇಕೆ ಇರುಸುಮುರುಸು?

ಇತ್ತೀಚಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು (1914–1992) ಸ್ವತಃ ನಾಟಕಗಳನ್ನು ಬರೆದವರು. ‘ಮರಣವೇ ಮಹಾನವಮಿ’ ಅವುಗಳಲ್ಲೊಂದು. ಹಳ್ಳಿಯ ಓದುಬರಹವಿಲ್ಲದ ಭಕ್ತನಿಗೆ ಶರಣರ ಬದುಕನ್ನು ಮುಟ್ಟಿಸಬೇಕಾದರೆ ಪುಸ್ತಕಕ್ಕಿಂತ ರಂಗವೇ ಹತ್ತಿರದ ದಾರಿಯೆಂದು ಅವರು ಕಂಡುಕೊಂಡಿದ್ದರು. 1950ರಲ್ಲಿ ಜಗಳೂರಿನಲ್ಲಿ ಅವರು ಆರಂಭಿಸಿದ ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತ, ಧರ್ಮಸಭೆಯ ಜೊತೆಗೆ ಸಾಹಿತ್ಯಕ್ಕೂ ಕಲೆಗೂ ಅಷ್ಟೇ ಜಾಗ ಕೊಟ್ಟಿತು. ಉತ್ತರಕ್ಕೆ ಹೋದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯಿದೆ. ಪಂಚಾಕ್ಷರಿ ಗವಾಯಿಗಳವರೂ ಅವರ ನಂತರ ಪುಟ್ಟರಾಜ ಗವಾಯಿಗಳವರೂ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತಗಳನ್ನು ನೀಡಿದ ಆ ಆಶ್ರಮಕ್ಕೆ ಒತ್ತಾಸೆಯಾಗಿ ನಿಂತದ್ದು ಆಶ್ರಮದ ನಾಟ್ಯಸಂಘ. ಪುಟ್ಟರಾಜರು ತಾವೇ ನಾಟಕಗಳನ್ನು ರಚಿಸಿದರು; ಊರೂರಿನ ಜಾತ್ರೆಯಲ್ಲಿ ಡೇರೆ ಹೊಡೆದ ಆ ಕಂಪನಿಯ ಟಿಕೀಟಿನ ಹಣ ಅಂಧ ಮಕ್ಕಳ ಊಟದ ತಟ್ಟೆಗೆ ಬಂತು. ಬೆಳಗಾವಿ ಸೀಮೆಯ ಏಣಗಿ ಗ್ರಾಮದ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರಾಗಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಎದ್ದು ಕೈಮುಗಿಯುತ್ತಿದ್ದರೆಂಬುದನ್ನು ನಮ್ಮ ಮನೆಯ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಬಾಳಪ್ಪನವರು ಲಿಂಗೈಕ್ಯರಾದರು.

ಇರಲಿ. ಹಳೆಯದನ್ನು ಹೇಳುತ್ತ ಕುಳಿತರೆ ಮುಖ್ಯ ವಿಷಯ ಹಿಂದುಳಿಯುತ್ತದೆ.

ಉತ್ಸವದ ಸಂಜೆಯ ಬೆಳಕಿನಲ್ಲಿ ಕಾಣುವುದು ಫಲ ಮಾತ್ರ. ಬೇರು ಇರುವುದು ಅದರ ಹಿಂದಿನ ತಿಂಗಳುಗಳ ತಾಲೀಮಿನಲ್ಲಿ. ಶಿವಸಂಚಾರದ ತಂಡ ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸುತ್ತದೆ. ಮೂರೂ ಬೇರೆ ಬೇರೆ ಬಗೆಯವು. ಇಂದು ಶರಣನಾದವನು ನಾಳೆ ಹಾಸ್ಯಪಾತ್ರ ವಹಿಸಬೇಕು, ನಾಡಿದ್ದು ಮೇಳದಲ್ಲಿ ನಿಂತು ಹಾಡಬೇಕು. ಮಳೆಗಾಲದಲ್ಲಿ ಆಯ್ಕೆಯಾದ ಹುಡುಗ ಹುಡುಗಿಯರು ಮಾತನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು ಉಸಿರನ್ನು ಹಿಡಿಯುವುದನ್ನು, ಬಿಡುವುದನ್ನು ಕಲಿಯಬೇಕು; ಕೊನೆಯ ಮೆಟ್ಟಿಲಿನಲ್ಲಿ ಕುಳಿತ ಕಿವಿಮಂದ ಹಿರಿಯರಿಗೂ ಕೇಳುವಂತೆ, ಆದರೆ ಕಿರುಚದಂತೆ, ಮಾತನಾಡಲು ಕಲಿಯಬೇಕು. ನಾಟಕೋತ್ಸವದಲ್ಲಿ ಮೊದಲ ಪ್ರದರ್ಶನಗಳಾಗುತ್ತವೆ. ಅದು ಮುಗಿದೊಡನೆ ಪರದೆ, ದೀಪ, ವೇಷದ ಪೆಟ್ಟಿಗೆಗಳನ್ನೆಲ್ಲ ವಾಹನಕ್ಕೇರಿಸಿ ಹೊರಟರೆ ಬೇಸಿಗೆಯವರೆಗೆ ಊರಿಂದೂರಿಗೆ ಸಂಚಾರ. ನಾಯಕನ ಪಾತ್ರದವನೇ ಬೆಳಿಗ್ಗೆ ಕಂಬ ಹೊತ್ತು ತಂದು ನಿಲ್ಲಿಸುತ್ತಾನೆ. ಅಕ್ಕಮಹಾದೇವಿಯ ಪಾತ್ರ ಮಾಡಿದವಳೇ ಮಧ್ಯರಾತ್ರಿ ವೇಷದ ಬಟ್ಟೆಗಳನ್ನು ಮಡಿಸಿ ಎಣಿಸಿ ಇಡುತ್ತಾಳೆ. ತಿರುಗಾಟದ ತಂಡದಲ್ಲಿ ಬಣ್ಣದವರು ಬೇರೆ, ಕೂಲಿಯವರು ಬೇರೆ ಎಂಬ ಭೇದವಿಲ್ಲ. ಕಾಯಕದ ಸಮಾನತೆಯನ್ನು ಕುರಿತು ನಾವು ಬರೆದ ಅದೆಷ್ಟೋ ಲೇಖನಗಳಿಗಿಂತ ಆ ಹುಡುಗರ ಒಂದು ದಿನದ ದಿನಚರಿ ಹೆಚ್ಚು ಕಲಿಸೀತು.

2019ರ ಆಗಸ್ಟ್ ತಿಂಗಳಲ್ಲಿ ಸಾಣೇಹಳ್ಳಿಯ ಶ್ರೀಗಳವರ ನೇತೃತ್ವದಲ್ಲಿ ನಡೆದ ‘ಮತ್ತೆ ಕಲ್ಯಾಣ’ ಅಭಿಯಾನವನ್ನು ಓದುಗರಲ್ಲಿ ಹಲವರು ನೆನಪಿಟ್ಟಿರಬಹುದು. ತಿಂಗಳಿಡೀ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದ ಅಭಿಯಾನ ಅದು. ವಿದ್ಯಾರ್ಥಿಗಳೊಂದಿಗೆ ಸಂವಾದ, ನಡಿಗೆ, ಸಾರ್ವಜನಿಕ ಸಭೆ. ಎಲ್ಲದರ ಕೊನೆಗೆ ಮೋಳಿಗೆ ಮಾರಯ್ಯನವರನ್ನು ಕುರಿತ ನಾಟಕ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದರೆಂದು ನಾವು ಕೇಳಿರುವ ಶರಣರ ಕಥೆಯನ್ನು ಆ ಹುಡುಗರು ದಿನದಿನವೂ ಹೊಸ ಊರಿನಲ್ಲಿ, ಹೊಸ ರಂಗದಲ್ಲಿ ಆಡಿದರು. ಭಾಷಣ ಕೇಳಿ ಎದ್ದುಹೋದವರೂ ನಾಟಕದ ಹೊತ್ತಿಗೆ ಮರಳಿ ಬಂದು ಕೂರುವುದುಂಟು. ಸಭೆಗಳನ್ನು ಏರ್ಪಡಿಸುವವರಿಗೆಲ್ಲ ಇದು ಗೊತ್ತಿರುವ ಸಂಗತಿ, ಒಪ್ಪಿಕೊಳ್ಳುವವರು ಕಡಿಮೆ.

ಇನ್ನು ನಮ್ಮ ಮನೆಯ ಮಾತು. ಇದನ್ನು ಬರೆಯಬೇಕೆ ಬೇಡವೆ ಎಂದು ಬಹಳ ಯೋಚಿಸಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ತಿರುಗಾಟದ ತಂಡವೊಂದು ನಮ್ಮ ಊರಿಗೂ ಬಂದಿತ್ತು. ಸಂಘಟಕರು ಕಲಾವಿದರ ಊಟ ವಸತಿಯನ್ನು ಭಕ್ತರ ಮನೆಗಳಿಗೆ ಹಂಚಿದ್ದರು. ನಮ್ಮ ಪಾಲಿಗೆ ಮೂವರು ಹುಡುಗರು ಬಂದರು. ನಮ್ಮ ಮನೆಯವರು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಮಾಡಿ ಬಡಿಸಿದರು. ಮೂವರಲ್ಲೊಬ್ಬ ಪದವೀಧರ, ನಮ್ಮದೇ ಸಮಾಜದ ರೈತ ಕುಟುಂಬದವನು. ಊಟಕ್ಕೆ ಮುಂಚೆ ಲಿಂಗಪೂಜೆಗೆ ಜಾಗ ಕೇಳಿ, ಮುಗಿಸಿ ಬಂದ. ಉಂಡ ತಟ್ಟೆಯನ್ನು ಬೇಡವೆಂದರೂ ಕೇಳದೆ ತಾನೇ ತೊಳೆದಿಟ್ಟ. “ಎಂಥ ಸಂಸ್ಕಾರವಂತ ಹುಡುಗ!” ಎಂದು ಮನೆಯಲ್ಲಿ ಎಲ್ಲರೂ ಆಡಿಕೊಂಡೆವು. ರಾತ್ರಿ ಅವನ ಅಭಿನಯ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾವೇ ಮೊದಲಿಗರು.

ಎರಡು ವರ್ಷ ಕಳೆದ ಮೇಲೆ ನಮ್ಮ ಬಂಧುಗಳೊಬ್ಬರು ಬಂದರು. ಮಗಳಿಗೆ ವರ ನೋಡುತ್ತಿದ್ದರು. “ಅಣ್ಣಾ, ನಿಮ್ಮ ಮನ್ಯಾಗ ಉಂಡು ಹೋಗ್ಯಾನಂತ. ಹುಡುಗ ಹ್ಯಾಂಗ?” ಎಂದು ಅದೇ ಹುಡುಗನ ಹೆಸರು ಹೇಳಿ ಕೇಳಿದರು. ನಾವು ಸುಳ್ಳು ಹೇಳಲಿಲ್ಲ. “ಹುಡುಗ ಬಂಗಾರದಂಥವನು. ಆದರ ನಾಟಕದಾಂವ, ನೋಡು” ಎಂದೆವು. ಅಷ್ಟೇ ಸಾಕಾಯಿತು. ಆ ‘ಆದರೆ’ ಎಂಬ ಒಂದು ಮಾತಿನ ಮೇಲೆ ಸಂಬಂಧ ಮುಂದುವರಿಯಲಿಲ್ಲ. ಆ ಹೆಣ್ಣುಮಗಳು ಬೇರೆಡೆ ಮದುವೆಯಾಗಿ ಸುಖವಾಗಿಯೇ ಇದ್ದಾಳೆ. ನಮ್ಮನ್ನು ಯಾರೂ ದೂರಲಿಲ್ಲ. ಆದರೂ ಅಂದು ರಾತ್ರಿ ತಟ್ಟಿದ ಚಪ್ಪಾಳೆ ಮತ್ತು ಎರಡು ವರ್ಷದ ನಂತರ ಆಡಿದ ಮಾತು ಒಂದೇ ಬಾಯಿ ಕೈಗಳವೆಂಬುದು ನಮ್ಮನ್ನು ಬಿಟ್ಟು ಹೋಗಿಲ್ಲ. ಬಹುರೂಪಿ ಚೌಡಯ್ಯನವರ ಭಾವಚಿತ್ರ ಸಿಕ್ಕಿದ್ದರೆ ಅದನ್ನೂ ನಮ್ಮ ದೇವರಕೋಣೆಯಲ್ಲಿ ತೂಗುಹಾಕುತ್ತಿದ್ದವರು ನಾವು. ಚೌಡಯ್ಯನವರೇ ವರನಾಗಿ ಬಂದು ನಿಂತಿದ್ದರೆ?

ಹೆಣ್ಣು ಕೊಡುವ, ತರುವ ಮಾತು ನಮ್ಮ ಸಮಾಜಕ್ಕೆ ಹಗುರವಾದುದಲ್ಲ. ಕಲ್ಯಾಣದ ಕ್ರಾಂತಿ ಕಾವೇರಿದ್ದು ಒಂದು ಮದುವೆಯ ಮೇಲೆ ಎಂಬುದನ್ನು, ಹರಳಯ್ಯ ಮಧುವರಸರು ತೆತ್ತ ಬೆಲೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಹೀಗೆಂದು ನಮ್ಮ ಬಂಧುಗಳ ಅಂಜಿಕೆಯೆಲ್ಲ ಬರಿಯ ಪೂರ್ವಗ್ರಹವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ತಿರುಗಾಟದ ತಂಡದ ಕೆಲಸ ವರ್ಷದ ಕೆಲವು ತಿಂಗಳುಗಳದ್ದು. ತಂಡದಿಂದ ಹೊರಬಂದವರಲ್ಲಿ ಕೆಲವರು ಶಾಲೆಗಳಲ್ಲಿ ರಂಗಶಿಕ್ಷಕರಾಗುತ್ತಾರೆ, ಕೆಲವರು ಕಿರುತೆರೆ, ಚಲನಚಿತ್ರಗಳತ್ತ ಹೋಗುತ್ತಾರೆ, ಕೆಲವರು ಬೆಳಕು, ಪ್ರಸಾಧನ, ರಂಗಸಜ್ಜಿಕೆಗಳ ಕೆಲಸ ಹಿಡಿಯುತ್ತಾರೆ. ಉಳಿದವರು ಊರಿಗೆ ಮರಳಿ ಅಪ್ಪನ ಹೊಲಕ್ಕೇ ಇಳಿಯುತ್ತಾರೆ. ಹೆಣ್ಣು ಹೆತ್ತವರು ತಿಂಗಳ ಸಂಬಳವನ್ನು ಕೇಳಿದರೆ ತಪ್ಪಲ್ಲ. ಆದರೆ ಕೊಳವೆಬಾವಿ ಬತ್ತಿದ ಹೊಲದ ಒಡೆಯನನ್ನೂ ಅಂಗಡಿಯ ಸಾಲದಲ್ಲಿ ಮುಳುಗಿದವನನ್ನೂ ನಾವು ಅಷ್ಟು ಬಿಗಿಯಾಗಿ ಪ್ರಶ್ನಿಸುವುದಿಲ್ಲ. ನಾಟಕದವನೆಂದೊಡನೆ ಪ್ರಶ್ನೆಯನ್ನೂ ಕೇಳದೆ ಉತ್ತರ ಬರೆದುಬಿಡುತ್ತೇವೆ. ನಮ್ಮ ತಪ್ಪು ಇದ್ದುದು ಅಲ್ಲಿ.

ಈ ಅಂಜಿಕೆಯನ್ನು ಕಳೆಯಲು ಉತ್ಸವಕ್ಕಿಂತ ಶಿಬಿರಗಳೇ ಹೆಚ್ಚು ಕೆಲಸ ಮಾಡುತ್ತವೆಂಬುದು ನಮ್ಮ ಅಭಿಪ್ರಾಯ. ಉತ್ಸವದಲ್ಲಿ ನಾವು ಕೆಳಗೆ, ಕಲಾವಿದ ಮೇಲೆ. ಶಿಬಿರದಲ್ಲಿ ನಮ್ಮ ಮಗುವೇ ಮೇಲೆ ಹೋಗುತ್ತದೆ. ಇದನ್ನು ನಾಡಿನಲ್ಲಿ ಬಹಳ ಮೊದಲೇ ಅರಿತವರು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನವರು. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಕೆ. ವಿ. ಸುಬ್ಬಣ್ಣನವರ (1932–2005) ದೂರದೃಷ್ಟಿಯಿಂದ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಕಂಡಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ದೇಶವೆಲ್ಲ ಆ ಹಳ್ಳಿಯ ಹೆಸರನ್ನು ಕೇಳಿತು. ಆದರೆ ನಮಗೆ ಅದಕ್ಕಿಂತ ದೊಡ್ಡದೆಂದು ತೋರುವುದು ಅವರು ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರ. ನಟರನ್ನು ತಯಾರಿಸುವ ಶಿಬಿರಗಳು ಎಲ್ಲೆಡೆ ಇವೆ. ನೋಡುವವರನ್ನು ತಯಾರಿಸುವ ಶಿಬಿರ ಅದು. ಶಿಕ್ಷಕರು, ರೈತರು, ಗೃಹಿಣಿಯರು, ವಿದ್ಯಾರ್ಥಿಗಳು ಒಂದೆಡೆ ಕೂತು ನಾಟಕ ನೋಡಿ, ಮರುದಿನ ಅದರ ಬಗ್ಗೆ ವಾದ ಮಾಡುತ್ತಾರೆ. ಉತ್ತರ ಕನ್ನಡದ ಕಾಡಂಚಿನ ಮಂಚಿಕೇರಿಯಲ್ಲಿ ಸಿದ್ದಿ ಜನಾಂಗದವರೊಡನೆ ರಂಗಶಿಬಿರ ನಡೆಸಿ, ಆಫ್ರಿಕಾದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿಯನ್ನು ಅವರಿಂದಲೇ ಕನ್ನಡದಲ್ಲಿ ಆಡಿಸಿದ್ದನ್ನು ರಂಗಾಸಕ್ತರು ಇಂದಿಗೂ ನೆನೆಯುತ್ತಾರೆ. ಆಫ್ರಿಕಾದ ಮೂಲದಿಂದ ಬಂದ ಜನ ತಮ್ಮ ಪೂರ್ವಿಕರ ನೆಲದ ಕಥೆಯನ್ನು ಕನ್ನಡದ ಮಾತಿನಲ್ಲಿ ಹೇಳಿದರು!

ಹಳ್ಳಿಯ ಮಕ್ಕಳ ಬೇಸಿಗೆ ಶಿಬಿರದ ದೃಶ್ಯ ಬೇರೆಯೇ. ಸರಕಾರಿ ಶಾಲೆಯ ಹಜಾರದಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿರುತ್ತಾರೆ. ಹಳೆಯ ದಿನಪತ್ರಿಕೆಗಳನ್ನು ನೀರಿನಲ್ಲಿ ನೆನೆಸಿ, ಮೈದಾ ಅಂಟು ಬೆರೆಸಿ, ಮಣ್ಣಿನ ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚಿ ಮುಖವಾಡ ಮಾಡುವುದು ಮೊದಲ ವಾರದ ಕೆಲಸ. ಬಿಸಿಲಿಗೆ ಒಣಗಲಿಟ್ಟ ಹುಲಿ, ಆನೆ, ರಾಕ್ಷಸರ ಮುಖಗಳಿಗೆ ಊರ ಕೋಳಿಗಳು ಕಾವಲು. ಮಾತೇ ಆಡದ ಮಗು ಮುಖವಾಡದ ಹಿಂದೆ ನಿಂತೊಡನೆ ಗರ್ಜಿಸುವುದನ್ನು ನಾವು ಕಂಡಿದ್ದೇವೆ. ಒಂದು ಶಿಬಿರದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಿಜ್ಜಳನ ಪಾತ್ರ ಕೇಳಿ ಪಡೆದಳು. ಬಸವಣ್ಣನವರ ಪಾತ್ರಕ್ಕೆ ಹುಡುಗರು ಜಗಳವಾಡುತ್ತಿದ್ದಾಗ ಇವಳಿಗೇಕೆ ಬಿಜ್ಜಳ? ಕೇಳಿದರೆ, “ಅವನಿಗೆ ಕುರ್ಚಿ ಐತಲ್ರೀ” ಎಂದಳು. ಶಿಬಿರದ ಮೇಷ್ಟ್ರು ನಕ್ಕರು, ನಾವೂ ನಕ್ಕೆವು. ಕೊನೆಯ ದಿನ ಆ ಕುರ್ಚಿಯ ಮೇಲೆ ಅವಳು ಕುಳಿತ ಠೀವಿ ನೋಡಿ ಆಕೆಯ ಅಜ್ಜ ಗೋಡೆಯಾಚೆ ತಿರುಗಿ ಕಣ್ಣೊರೆಸಿಕೊಂಡರು. “ಹೆಣ್ಣುಮಗೂಗೆ ನಾಟಕ ಯಾಕೆ” ಎಂದು ಮೊದಲ ದಿನ ಗದರಿಸಿ ಮನೆಗೆ ಕರೆದೊಯ್ಯಲು ಬಂದಿದ್ದವರು ಅವರೇ.

ನಮ್ಮ ಮನೆಯಂಗಳದ ಕಲೆಗಳ ಗತಿಯೂ ಶಿಬಿರಗಳನ್ನೇ ಅವಲಂಬಿಸುವಂತಾಗಿದೆ. ವೀರಗಾಸೆಯನ್ನೇ ತೆಗೆದುಕೊಳ್ಳಿ. ಶ್ರಾವಣ, ಕಾರ್ತಿಕಗಳಲ್ಲಿ, ವೀರಭದ್ರನ ಗುಗ್ಗುಳದಲ್ಲಿ ಕತ್ತಿ ಹಿಡಿದು ದಕ್ಷಯಜ್ಞದ ಕಥೆಯ ಒಡಪು ಹೇಳುವ ಕಲೆ ಹಿಂದೆ ತಂದೆಯಿಂದ ಮಗನಿಗೆ ಮನೆಯಲ್ಲೇ ಬರುತ್ತಿತ್ತು. ಮಗ ಬೆಂಗಳೂರಿನ ಕಾರ್ಖಾನೆಗೆ ಹೋದ ಮೇಲೆ ಒಡಪು ಯಾರಿಗೆ? ಹೆಜ್ಜೆಯನ್ನು ನೋಡಿ ಕಲಿಯಬಹುದು, ಚಮಾಳದ ಪೆಟ್ಟನ್ನು ಕೇಳಿ ಕಲಿಯಬಹುದು. ಒಡಪಿನ ಉಸಿರುಗಟ್ಟಿದ ಮಾತಿನ ಓಟ ಮಾತ್ರ ಹಿರಿಯನ ಎದುರು ನಿಂತು, ತಪ್ಪಿ, ಬೈಸಿಕೊಂಡು ಕಲಿಯುವಂಥದು. ಕರಡಿ ಮಜಲು, ನಂದಿಕೋಲುಗಳದ್ದೂ ಇದೇ ಪಾಡು. ಶಿಬಿರವೆಂದರೆ ಹದಿನೈದು ದಿನದಲ್ಲಿ ಎಲ್ಲ ಕಲಿಸಿಬಿಡುವ ಯಂತ್ರವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಹದಿನೈದು ದಿನದಲ್ಲಿ ವೇಷ ಬಂದೀತು, ವೀರಗಾಸೆ ಬಾರದು. ಆದಾಗ್ಯೂ ಶಿಬಿರಗಳಿಂದ ಒಂದು ಬಾಗಿಲು ತೆರೆಯಿತು: ಗಂಡಸರಿಗೇ ಮೀಸಲಾಗಿದ್ದ ಈ ಕುಣಿತವನ್ನು ಹೆಣ್ಣುಮಕ್ಕಳೂ ಕಲಿತರು. ಇಂದು ಮಹಿಳಾ ವೀರಗಾಸೆ ತಂಡಗಳು ಮೆರವಣಿಗೆಗಳಲ್ಲಿ ಹೆಜ್ಜೆ ಹಾಕುವುದನ್ನು ಊರಿನ ಹಿರಿಯರು ಬೀದಿಯಲ್ಲಿ ನಿಂತು ನೋಡುತ್ತಾರೆ. ಮೊದಲು ಮೂಗುಮುರಿದವರೇ ಈಗ ವೀಳ್ಯ ಕೊಟ್ಟು ಕರೆಸುತ್ತಾರೆ.

ಉತ್ಸವಗಳ ದೋಷವನ್ನೂ ಮುಚ್ಚಿಡಬಾರದು. ಊರೂರಿನ ಕಲೋತ್ಸವಗಳಿಗೆ ಹೋಗಿ ಬಂದು ನಮಗೆ ಅನಿಸಿದ್ದಿಷ್ಟು. ಸಂಜೆ ಆರಕ್ಕೆಂದು ಅಚ್ಚಾದ ಕಾರ್ಯಕ್ರಮದಲ್ಲಿ ಗಣ್ಯರ ಸ್ವಾಗತ, ಶಾಲು, ಹಾರ, ಫಲತಾಂಬೂಲ, ಪ್ರಾಸ್ತಾವಿಕ ನುಡಿ, ಮತ್ತೊಬ್ಬ ಗಣ್ಯರು ತಡವಾಗಿ ಬಂದದ್ದಕ್ಕೆ ಮತ್ತೊಮ್ಮೆ ಸ್ವಾಗತ. ಬಣ್ಣ ಹಚ್ಚಿಕೊಂಡ ಮಕ್ಕಳು ಪರದೆಯ ಹಿಂದೆ ತೂಕಡಿಸುತ್ತಿರುತ್ತಾರೆ. ಅವರ ಸರದಿ ಬರುವ ಹೊತ್ತಿಗೆ ಕೊನೆಯ ಬಸ್ಸಿನವರು ಎದ್ದಿರುತ್ತಾರೆ, ಧ್ವನಿವರ್ಧಕದವನು ತಂತಿ ಸುತ್ತಲು ಶುರು ಮಾಡಿರುತ್ತಾನೆ. ಭಾಷಣಕಾರರಲ್ಲಿ ನಾವೂ ಒಬ್ಬರಾಗಿದ್ದುಂಟು, ಆದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆವು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಪಟ್ಟಣದಿಂದ ತಜ್ಞರು ಬಂದು ಒಂದು ಬೇಸಿಗೆಯಲ್ಲಿ ಶಿಬಿರ ನಡೆಸಿ, ಛಾಯಾಚಿತ್ರ ತೆಗೆಸಿಕೊಂಡು, ಪ್ರಮಾಣಪತ್ರ ಹಂಚಿ ಹೋಗುತ್ತಾರೆ. ಮರುವರ್ಷ ಬೇರೆ ಊರು. ಮಕ್ಕಳಿಗೆ ಹತ್ತಿಸಿದ ದೀಪಕ್ಕೆ ಎಣ್ಣೆ ಎರೆಯುವವರು ಊರಿನಲ್ಲಿ ಯಾರೂ ಇರುವುದಿಲ್ಲ. ಸಾಣೇಹಳ್ಳಿ, ಹೆಗ್ಗೋಡುಗಳು ಬೇರೆಯಾಗಿ ನಿಂತದ್ದು ಇದೇ ಕಾರಣಕ್ಕೆ: ಅಲ್ಲಿನ ದೀಪ ಬಂದವರೊಂದಿಗೆ ಹೊರಟುಹೋಗಲಿಲ್ಲ. ಶಾಲೆ ಅಲ್ಲೇ ಇದೆ, ರಂಗವೂ ಅಲ್ಲೇ ಇದೆ, ನಾಟಕವಿಲ್ಲದ ದಿನ ಅಂಗಳ ಗುಡಿಸುವವರೂ ಅಲ್ಲೇ ಇದ್ದಾರೆ.

ಊರಿಗೊಂದು ಅಂಥ ರಂಗಮಂದಿರ ಕಟ್ಟುವುದು ಆಗದ ಮಾತು, ಕಟ್ಟಬೇಕಾಗಿಯೂ ಇಲ್ಲ. ಮಠದ ಅಂಗಳ, ಸಮುದಾಯಭವನ, ಶಾಲೆಯ ಹಜಾರ ಎಲ್ಲೆಡೆ ಇವೆ. ಸಮುದಾಯಭವನಗಳಂತೂ ಮದುವೆಯಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಆಷಾಢದಲ್ಲಿ ಆ ಬೀಗದ ಕೈಯನ್ನು ಊರಿನ ಹುಡುಗರಿಗೆ ಕೊಡಬಹುದು. ರಂಗಶಾಲೆಯಲ್ಲಿ ಕಲಿತು ಊರಿಗೆ ಮರಳಿದ ಯುವಕನೋ ಯುವತಿಯೋ ನಿಮ್ಮ ಸುತ್ತಮುತ್ತ ಇದ್ದರೆ ವಾರಕ್ಕೆರಡು ಸಂಜೆ ಮಕ್ಕಳಿಗೆ ಕಲಿಸಲು ಕೇಳಿಕೊಳ್ಳಬಹುದು, ಕೇಳಿಕೊಂಡ ಮೇಲೆ ಸಂಭಾವನೆಯನ್ನೂ ಕೊಡಬಹುದು. ಸಂಗೀತದ ಮೇಷ್ಟ್ರಿಗೆ ಕೊಡುತ್ತೇವೆ, ಮನೆಪಾಠದ ಮೇಷ್ಟ್ರಿಗೆ ಕೊಡುತ್ತೇವೆ. ನಾಟಕದವನಿಗೆ ಮಾತ್ರ ಶಾಲು ಹೊದಿಸಿ ಕಳಿಸುವ ರೂಢಿ ಯಾವಾಗ ಬಂತೋ ತಿಳಿಯದು. ಶಾಲಿನಿಂದ ಚಳಿ ಹೋದೀತು, ಹಸಿವು ಹೋಗದು.

ಈ ಲೇಖನ ಬರೆಯಲು ಕುಳಿತದ್ದೇ ಒಂದು ಪತ್ರದಿಂದ. ನಮ್ಮ ಓದುಗರಾದ ತಂದೆಯೊಬ್ಬರು ಬರೆದಿದ್ದಾರೆ: ಮಗಳು ಪದವಿ ಮುಗಿಸಿದ್ದಾಳೆ; ಒಂದು ವರ್ಷ ರಂಗಶಿಕ್ಷಣ ಪಡೆಯುತ್ತೇನೆಂದು ಹಟ ಹಿಡಿದಿದ್ದಾಳೆ; ಹೆಂಡತಿ ಊಟ ಬಿಟ್ಟಿದ್ದಾಳೆ; ಅಣ್ಣತಮ್ಮಂದಿರು, ಮುಂದೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎನ್ನುತ್ತಿದ್ದಾರೆ; ತಾವು ಹಿರಿಯರು, ಏನು ಮಾಡಲಿ?

ನಾವು ಉತ್ತರ ಬರೆಯಲು ಮೂರು ದಿನ ತೆಗೆದುಕೊಂಡೆವು. ಕಳುಹಿಸಿ ಎಂದು ಬರೆಯುವುದು ಸುಲಭ, ಅವಳು ನಮ್ಮ ಮಗಳಲ್ಲ. ಕೊನೆಗೆ ಹೀಗೆ ಬರೆದೆವು: “ನೀವು, ನಿಮ್ಮ ಯಜಮಾನಿ, ಮಗಳು ಮೂವರೂ ಈ ಸಲದ ನಾಟಕೋತ್ಸವಕ್ಕೆ ಹೋಗಿ. ಒಂದು ರಾತ್ರಿ ಅಲ್ಲಿಯೇ ಉಳಿಯಿರಿ. ನಾಟಕವನ್ನು ಮಾತ್ರ ನೋಡಬೇಡಿ. ನಾಟಕ ಮುಗಿದ ಮೇಲೆ ಅರ್ಧ ಗಂಟೆ ಕಾದು, ಕಲಾವಿದರು ಬಣ್ಣ ಒರೆಸಿಕೊಂಡು ಊಟಕ್ಕೆ ಬರುವುದನ್ನು ನೋಡಿ. ಅಲ್ಲಿನ ಹೆಣ್ಣುಮಕ್ಕಳನ್ನು ನಿಮ್ಮ ಯಜಮಾನಿ ಮಾತನಾಡಿಸಲಿ; ಎಲ್ಲಿಯವರು, ತಂದೆತಾಯಿ ಏನನ್ನುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ತಾಯಂದಿರು ಕೇಳುವುದನ್ನೆಲ್ಲ ಕೇಳಲಿ. ಆಮೇಲೆ ನಿರ್ಧಾರ ನಿಮ್ಮದು. ಯಾರು ಮಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಅಂಥದೇ ಪ್ರಶ್ನೆಗೆ ಹಿಂದೊಮ್ಮೆ ನಾವು ತಪ್ಪು ಉತ್ತರ ಕೊಟ್ಟವರು.”

ಪತ್ರವನ್ನು ಅಂಚೆಗೆ ಹಾಕಿ ಬರುವಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ನಾವೂ ಈ ಸಲ ಹೋಗೋಣ್ರೀ” ಎಂದರು. ಹದಿನಾಲ್ಕು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಹೊರಡುವುದೆಂದು ನಿಶ್ಚಯವಾಗಿದೆ. ಅವಳು ಮೆಟ್ಟಿಲಿನ ಮೇಲೆ ಕುಳಿತುಕೊಳ್ಳಲು ಒಂದು ಕಂಬಳಿ ಬೇಕೆಂದು ಈಗಲೇ ತೆಗೆದಿಟ್ಟುಕೊಂಡಿದ್ದಾಳೆ.